ನಾಲ್ಕು ಸುವಾರ್ತೆಗಳು ಮತ್ತು ಕನ್ನಡದ ಒಂದೇ ಯೇಸು

ಕೊಡಗಿಗೆ ಯೇಸುವಿನ ಕಥೆ ಗ್ರಂಥರೂಪದಲ್ಲಿ ಬಂದದ್ದು ಕೊಡವ ತಕ್ಕಿನಲ್ಲಿ ಅಲ್ಲ, ಕನ್ನಡದಲ್ಲಿ. ಹಾಲೇರಿ ಅರಸರ ಕಾಲದಿಂದಲೂ ಆ ನಾಡಿನ ಬರವಣಿಗೆಯ ಭಾಷೆ ಕನ್ನಡವೇ ಆಗಿತ್ತು; ದೊಡ್ಡವೀರರಾಜೇಂದ್ರನು ಬರೆಯಿಸಿದ ‘ರಾಜೇಂದ್ರನಾಮೆ’ ಇದಕ್ಕೆ ಸಾಕ್ಷಿ. ಅದೇ ಅರಸನ ಆಶ್ರಯದಲ್ಲಿ 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ಚರ್ಚು ನೆಲೆಗೊಂಡಿತ್ತು. ಆದರೆ ಅಲ್ಲಿಯ ಕ್ಯಾಥೊಲಿಕರ ಮನೆಮಾತು ಕೊಂಕಣಿ, ಆರಾಧನೆಯ ಭಾಷೆ ಲ್ಯಾಟಿನ್. ಸುವಾರ್ತೆಯನ್ನು ಓದುವ ಪುಸ್ತಕವಾಗಿ ಕೊಡಗಿನ ಜನರ ಕೈಗಿಡುವ ಯತ್ನ ಆರಂಭವಾದದ್ದು 19ನೆಯ ಶತಮಾನದ ನಡುವಿನಲ್ಲಿ, ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಘಟ್ಟ ಹತ್ತಿ ಬಂದು ಸಿದ್ದಾಪುರದ ಬಳಿ ಆನಂದಪುರವನ್ನು ನೆಲೆಗೊಳಿಸಿದಾಗ. ಕುಶಾಲನಗರದ ಕೆಳಗೆ ಕಾವೇರಿಯ ದಡದಲ್ಲಿರುವ ಶಿರಂಗಾಲದಂತಹ ಊರುಗಳಲ್ಲಿ, ನದಿ ಕೊಡಗನ್ನು ಬಿಟ್ಟು ಹಾಸನದ ಸೀಮೆಯತ್ತ ಹೊರಳುವ ಆ ಅಂಚಿನಲ್ಲಿ, ಜನರ ಆಡುನುಡಿಯೂ ಕನ್ನಡವೇ. ಆದ್ದರಿಂದ ಕೊಡಗಿನ ಸುವಾರ್ತೆಯ ಪ್ರಶ್ನೆ ಮೂಲತಃ ಕನ್ನಡ ಗದ್ಯದ ಪ್ರಶ್ನೆ.

ಈ ಗದ್ಯವನ್ನು ಸಾಹಿತ್ಯವಾಗಿ ಓದುವ ಕೆಲಸ ಕನ್ನಡ ವಿಮರ್ಶೆಯಲ್ಲಿ ತೀರ ಕಡಿಮೆ ನಡೆದಿದೆ. ಮಿಶನರಿಗಳ ಕೊಡುಗೆಯೆಂದರೆ ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆ ಎಂದು ಪಟ್ಟಿ ಮಾಡುವುದು ರೂಢಿಯಾಗಿದೆ. ಅವರು ಯಾವ ಗ್ರಂಥಕ್ಕಾಗಿ ಇವೆಲ್ಲವನ್ನೂ ಮಾಡಿದರೋ ಆ ಗ್ರಂಥವನ್ನು ಮಾತ್ರ ಚರ್ಚಿನ ಆಸ್ತಿಯೆಂದು ಬದಿಗಿಡಲಾಗಿದೆ. ಹೀಗಾಗಿ ಸಾಮಾನ್ಯ ಕನ್ನಡ ಓದುಗನಿಗೆ ಯೇಸುವಿನ ಬಗೆಗೆ ತಿಳಿದಿರುವುದು ಒಂದು ಕಥೆ: ಗೋದಲಿಯಲ್ಲಿ ಜನನ, ಬೆಟ್ಟದ ಮೇಲಿನ ಪ್ರವಚನ, ಪವಾಡಗಳು, ಶಿಲುಬೆ, ಪುನರುತ್ಥಾನ. ಈ ಒಂದು ಕಥೆಯನ್ನು ಹೊಸ ಒಡಂಬಡಿಕೆಯ ಯಾವ ಲೇಖಕನೂ ಬರೆದಿಲ್ಲ. ಅಲ್ಲಿರುವುದು ನಾಲ್ಕು ಕಥನಗಳು. ಅವು ಅನೇಕ ಕಡೆ ಕೂಡುತ್ತವೆ, ಮುಖ್ಯವಾದ ಕೆಲವು ಕಡೆ ಕೂಡುವುದಿಲ್ಲ.

ನಾಲ್ಕೂ ಗ್ರೀಕ್ ಭಾಷೆಯಲ್ಲಿ, ಅಂದಿನ ಬಳಕೆಮಾತಿಗೆ ಹತ್ತಿರವಾದ ಗ್ರೀಕಿನಲ್ಲಿ ರಚಿತವಾದವು. ಯೇಸು ಆಡುತ್ತಿದ್ದದ್ದು ಅರಮಾಯಿಕ್. ಎಂದರೆ ಮೂಲವೆಂದು ಕರೆಯುವ ಗ್ರಂಥವೇ ಒಂದು ಅರ್ಥದಲ್ಲಿ ಅನುವಾದ. ಬಹುಪಾಲು ವಿದ್ವಾಂಸರು ಮಾರ್ಕನ ಸುವಾರ್ತೆಯನ್ನು ಮೊದಲಿನದೆಂದು, ಜೆರೂಸಲೇಮಿನ ದೇವಾಲಯ ನಾಶವಾದ ಕ್ರಿ.ಶ. 70ರ ಆಸುಪಾಸಿನದೆಂದು ಭಾವಿಸುತ್ತಾರೆ. ಮತ್ತಾಯ ಮತ್ತು ಲೂಕರು ಮಾರ್ಕನನ್ನು ಮುಂದಿಟ್ಟುಕೊಂಡು, ಬೋಧನೆಗಳ ಇನ್ನೊಂದು ಸಂಗ್ರಹವನ್ನೂ ಬಳಸಿಕೊಂಡು ಮುಂದಿನ ಒಂದೆರಡು ದಶಕಗಳಲ್ಲಿ ಬರೆದರೆಂಬುದು ಹೆಚ್ಚು ಮನ್ನಣೆ ಪಡೆದ ಊಹೆ. ಯೋಹಾನನದು ಶತಮಾನದ ಕೊನೆಯದು. ಗ್ರಂಥಗಳ ಒಳಗೆ ಲೇಖಕರ ಹೆಸರಿಲ್ಲ. ಈಗಿರುವ ಹೆಸರುಗಳು ಪರಂಪರೆ ಕೊಟ್ಟವು.

ಮಾರ್ಕನಲ್ಲಿ ಯೇಸುವಿನ ಜನನವೇ ಇಲ್ಲ. ಬೆಳೆದು ನಿಂತ ಮನುಷ್ಯ ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆಯಲು ಬರುವಲ್ಲಿ ಅವನು ರಂಗಕ್ಕೆ ಬರುತ್ತಾನೆ. ಮತ್ತಾಯನು ಅಬ್ರಹಾಮನಿಂದ ತೊಡಗುವ ವಂಶಾವಳಿಯನ್ನು ಮುಂದಿಟ್ಟು, ಯೆಹೂದ್ಯ ಓದುಗರು ಕಾಯುತ್ತಿದ್ದ ಅರಸನೇ ಈತನೆಂದು ಸ್ಥಾಪಿಸಲು ಹೊರಡುತ್ತಾನೆ. ಬೋಧನೆಗಳನ್ನು ಐದು ದೊಡ್ಡ ಪ್ರವಚನಗಳಾಗಿ ಜೋಡಿಸುತ್ತಾನೆ. ಲೂಕನ ವಂಶಾವಳಿ ಆದಾಮನವರೆಗೆ ಹಿಂದಕ್ಕೆ ಹೋಗುತ್ತದೆ, ಯೇಸು ಒಂದು ಕುಲದವನಲ್ಲ ಎನ್ನುವಂತೆ. ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡ ಸಮಾರ್ಯದವನ ಕಥೆ, ಮನೆ ಬಿಟ್ಟುಹೋಗಿ ಮರಳಿದ ಮಗನ ಕಥೆ, ಕ್ರೈಸ್ತೇತರರೂ ಬಲ್ಲ ಈ ಎರಡೂ ಕಥೆಗಳು ಲೂಕನಲ್ಲಿ ಮಾತ್ರ ಇವೆ. ಯೋಹಾನನಿಗೆ ವಂಶಾವಳಿಯ ಹಂಗಿಲ್ಲ. ಅವನು ಸೃಷ್ಟಿಯ ಆಚೆಗೆ ಹೋಗಿ ಆದಿಯಿಂದ ಇದ್ದ ‘ಲೋಗೊಸ್’ ತತ್ತ್ವದಿಂದ ತೊಡಗುತ್ತಾನೆ. ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದ ಪ್ರಸಂಗ ಉಳಿದ ಮೂವರಲ್ಲಿ ಕಡೆಯ ವಾರದಲ್ಲಿ ಬಂದು ಸಾವಿಗೆ ಕಾರಣವಾದರೆ, ಯೋಹಾನನಲ್ಲಿ ಅದು ಎರಡನೆಯ ಅಧ್ಯಾಯದಲ್ಲೇ ನಡೆದುಹೋಗುತ್ತದೆ.

ಇಂತಹ ಭಿನ್ನತೆ ಆದಿಚರ್ಚಿಗೂ ತೊಡಕಾಗಿಯೇ ಕಂಡಿತ್ತು. ಸುಮಾರು ಕ್ರಿ.ಶ. 170ರಲ್ಲಿ ತಾಶಿಯನ್ ಎಂಬಾತ ನಾಲ್ಕನ್ನೂ ಹೆಣೆದು ‘ದಿಯಾತೆಸ್ಸರೋನ್’ ಎಂಬ ಒಂದೇ ಕಥನವನ್ನು ಮಾಡಿದ. ಸಿರಿಯಾಕ್ ಚರ್ಚುಗಳಲ್ಲಿ ಅದು ಬಹುಕಾಲ ಓದಿನಲ್ಲಿತ್ತು. ಐದನೆಯ ಶತಮಾನದಲ್ಲಿ ಬಿಷಪ್ ಥಿಯೊಡೊರೆತ್ ತನ್ನ ಪ್ರಾಂತದಿಂದ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿಹಾಕಿ ನಾಲ್ಕು ಪ್ರತ್ಯೇಕ ಸುವಾರ್ತೆಗಳನ್ನು ಇರಿಸಿದನು. ಒಂದೇ ಕಥೆಯ ಅನುಕೂಲವನ್ನು ಬಿಟ್ಟು ನಾಲ್ಕು ಕಥೆಗಳ ತೊಡಕನ್ನು ಚರ್ಚು ಆರಿಸಿಕೊಂಡಿತೆಂಬುದು ಸಣ್ಣ ಸಂಗತಿಯಲ್ಲ. ರಾಮಾಯಣವೊಂದು ಅನೇಕವಾಗಿರುವುದನ್ನು ಸಹಜವೆಂದು ತಿಳಿಯುವ, ಪಂಪನ ಭಾರತವನ್ನೂ ಕುಮಾರವ್ಯಾಸನ ಭಾರತವನ್ನೂ ಒಟ್ಟಿಗೆ ಇಟ್ಟುಕೊಂಡು ಎರಡನ್ನೂ ಪ್ರೀತಿಸುವ ಕನ್ನಡ ಓದುಗನಿಗೆ ಈ ಆಯ್ಕೆ ಅರ್ಥವಾಗಬೇಕಿತ್ತು. ಆಶ್ಚರ್ಯವೆಂದರೆ, ಕನ್ನಡದಲ್ಲಿ ಗೆದ್ದದ್ದು ತಾಶಿಯನ್ನನ ದಾರಿ.

ಇದಕ್ಕೆ ಮೊದಲ ಕಾರಣ ಪದ್ಯ. ಫರ್ಡಿನಾಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಜೀವನವನ್ನು ಇಲ್ಲಿಯ ಛಂದಸ್ಸಿನಲ್ಲಿ ಹಾಡಿದ. ಮುಂದೆ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ, ಮಡಿಕೇರಿಯಲ್ಲೂ ಸೇವೆ ಸಲ್ಲಿಸಿದ ಈ ವಿದ್ವಾಂಸನಿಗೆ ಜರ್ಮನ್ ರಾಗಗಳ ಕೀರ್ತನೆಗಳು ಕನ್ನಡ ಕಿವಿಗೆ ಒಗ್ಗುವುದಿಲ್ಲವೆಂಬುದು ಗೊತ್ತಿತ್ತು. ಆದರೆ ಕಥೆಯನ್ನು ಮಾಲೆಯಾಗಿ ಪೋಣಿಸುವಾಗ ದಾರ ಒಂದೇ ಆಗಿರಬೇಕಾಗುತ್ತದೆ. ಕನ್ನಡದ ಕಥನಪದ್ಯ ಕೇಳುವುದು ಆದಿ ಮಧ್ಯ ಅಂತ್ಯಗಳುಳ್ಳ ಒಬ್ಬ ನಾಯಕನ ಚರಿತೆಯನ್ನು. ನಾಲ್ವರು ಸಾಕ್ಷಿಗಳ ಹೇಳಿಕೆಯನ್ನಲ್ಲ.

ಎರಡನೆಯದು ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’. ಕನ್ನಡದಲ್ಲಿ ಯೇಸುವನ್ನು ಕುರಿತ ಅತ್ಯುತ್ತಮ ಕಾವ್ಯ ಯಾವುದೆಂದರೆ ಇಂದಿಗೂ ಇದರ ಹೆಸರನ್ನೇ ಹೇಳಬೇಕು; ಅದನ್ನು ಬರೆದದ್ದು ಕ್ರೈಸ್ತರಲ್ಲದ ಕವಿ ಎಂಬುದು ಕನ್ನಡದ ಹಿರಿಮೆ. ಯೇಸುವಿನ ಕಡೆಯ ದಿನವನ್ನು ಮಾತ್ರ ಆರಿಸಿಕೊಂಡ ಪೈಗಳ ವಿವೇಕ ದೊಡ್ಡದು. ಬುದ್ಧನ ಕಡೆಯ ದಿನವನ್ನು ಕುರಿತ ‘ವೈಶಾಖಿ’ಯಲ್ಲೂ ಅವರು ಇದೇ ಕ್ರಮವನ್ನು ಅನುಸರಿಸಿದರು. ನಾಲ್ಕೂ ಸುವಾರ್ತೆಗಳು ಅತಿ ಹತ್ತಿರ ಬರುವುದು ಆ ಕಡೆಯ ದಿನದಲ್ಲಿಯೇ. ಆದರೂ ಅಲ್ಲಿಯೂ ಅವು ಒಂದಲ್ಲ. ಕಾವ್ಯದ ಹೆಸರನ್ನೇ ನೋಡಬಹುದು: ‘ಗೊಲ್ಗೊಥಾ’ ಎಂಬ ಅರಮಾಯಿಕ್ ಹೆಸರು ಮತ್ತಾಯ, ಮಾರ್ಕ, ಯೋಹಾನರಲ್ಲಿದೆ, ಲೂಕನು ಅದನ್ನು ಕೈಬಿಟ್ಟು ಕಪಾಲವೆಂಬ ಅರ್ಥದ ಗ್ರೀಕ್ ಪದವನ್ನಷ್ಟೇ ಬಳಸುತ್ತಾನೆ. ಶಿಲುಬೆಯ ಮೇಲಿನ ಏಳು ಮಾತುಗಳೆಂದು ಭಕ್ತರು ಧ್ಯಾನಿಸುವ ಮಾತುಗಳು ಯಾವ ಒಂದು ಸುವಾರ್ತೆಯಲ್ಲೂ ಏಳಾಗಿ ಇಲ್ಲ. ಮಾರ್ಕ ಮತ್ತು ಮತ್ತಾಯರಲ್ಲಿ ಇರುವುದು ಒಂದೇ ಮಾತು, ದೇವರು ತನ್ನನ್ನು ಏಕೆ ಕೈಬಿಟ್ಟನೆಂಬ ಕೂಗು. ಲೂಕನಲ್ಲಿ ಆ ಕೂಗು ಇಲ್ಲ; ಕೊಲ್ಲುವವರಿಗೆ ಕ್ಷಮೆ, ಪಕ್ಕದ ಅಪರಾಧಿಗೆ ಭರವಸೆ, ತಂದೆಯ ಕೈಗೆ ಆತ್ಮದ ಸಮರ್ಪಣೆ ಇವೆ. ಯೋಹಾನನಲ್ಲಿ ತಾಯಿಯನ್ನು ಶಿಷ್ಯನಿಗೆ ಒಪ್ಪಿಸುವ ಮಾತು, ಬಾಯಾರಿಕೆ, ಎಲ್ಲ ನೆರವೇರಿತೆಂಬ ನಿಲುಗಡೆ. ಏಳನ್ನೂ ಒಬ್ಬನ ಬಾಯಲ್ಲಿ ಸಾಲಾಗಿ ಇಟ್ಟಾಗ ಮಾರ್ಕನ ಕೂಗಿನ ಭೀಕರತೆಯನ್ನು ಲೂಕನ ಸಮಾಧಾನ ತಣಿಸಿಬಿಡುತ್ತದೆ. ಮಾರ್ಕ ತನ್ನ ಓದುಗನಿಗೆ ಆ ತಣಿವನ್ನು ಕೊಡಲು ಸಿದ್ಧನಿರಲಿಲ್ಲ.

ಮೂರನೆಯ ಕಾರಣವು ಅನುವಾದದ ಒಳಗೇ ಇದೆ. ಹೆಚ್ಚು ತಡೆದು ನೋಡಬೇಕಾದದ್ದು ಇದನ್ನು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ತೊಡಗಿದ ಕೆಲಸ 1831ರ ಹೊತ್ತಿಗೆ ಇಡೀ ಬೈಬಲ್ಲಾಗಿ ಮುಗಿಯಿತು. ಅದರ ಕನ್ನಡವನ್ನು ತಿದ್ದುವ ಕಾರ್ಯದಲ್ಲಿ ಬಾಸೆಲ್ ಮಿಶನ್ನಿನ ವೈಗ್ಲೆ ಮತ್ತು ಮೋಗ್ಲಿಂಗ್ ಪಾಲುಗೊಂಡರು. ಮೋಗ್ಲಿಂಗ್ ಅದೇ ವರ್ಷಗಳಲ್ಲಿ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದವನು. ಹಾಗಾಗಿ ಈ ಗದ್ಯವನ್ನು ‘ಪಾದ್ರಿಗನ್ನಡ’ ಎಂದು ನಗೆಯಾಡಿ ಬಿಡುವುದು ನ್ಯಾಯವಲ್ಲ. ಅದರಲ್ಲಿ ತೊಡರುವ ವಾಕ್ಯಗಳಿವೆ, ನಿಜ; ಆದರೆ ಆಡುಮಾತಿನ ಬಿಸುಪನ್ನು ಉಳಿಸಿಕೊಂಡ ವಾಕ್ಯಗಳೂ ಹೇರಳವಾಗಿವೆ.

ಮಾರ್ಕನ ಗ್ರೀಕು ಒರಟು. ‘ಮತ್ತು’ ಎಂಬರ್ಥದ ಪದದಿಂದ ವಾಕ್ಯದ ಮೇಲೆ ವಾಕ್ಯ ಪೇರಿಸುತ್ತಾ, ‘ಕೂಡಲೇ’ ಎಂಬರ್ಥದ ಪದವನ್ನು ಸುಮಾರು 40 ಬಾರಿ ಬಳಸುತ್ತಾ, ನಡೆದುಹೋದುದನ್ನು ಮೇಲಿಂದಮೇಲೆ ವರ್ತಮಾನಕಾಲದಲ್ಲಿ ಹೇಳುತ್ತಾ ಅವನು ಓಡುತ್ತಾನೆ. ಲೂಕನದು ಓದಿಕೊಂಡವನ ಗ್ರೀಕು. ಅವನ ಪೀಠಿಕೆಯೇ ಒಂದು ದೀರ್ಘವಾದ, ಹದಗೊಂಡ ವಾಕ್ಯ. ಕನ್ನಡಕ್ಕೆ ಬಂದಾಗ ಇಬ್ಬರೂ ಒಂದೇ ನಡಿಗೆಯಲ್ಲಿ ನಡೆಯತೊಡಗುತ್ತಾರೆ. ‘ಎದ್ದು, ಹೋಗಿ, ಕೈಹಿಡಿದು, ಎಬ್ಬಿಸಿದನು’ ಎಂದು ಕೃದಂತಗಳನ್ನು ಸರಪಣಿಯಾಗಿ ಹೆಣೆದು ಕೊನೆಯ ಕ್ರಿಯಾಪದದಲ್ಲಿ ನಿಲ್ಲುವುದು ಕನ್ನಡದ ಜಾಯಮಾನ. ಅದು ಸೊಗಸಾದ ಗದ್ಯವನ್ನು ಕೊಡುತ್ತದೆ. ಆದರೆ ಮಾರ್ಕನ ಒಂದೊಂದು ಕ್ರಿಯೆಯೂ ಬೇರೆಬೇರೆಯಾಗಿ ಬಡಿಯುವ ಬಡಿತ ಅದರಲ್ಲಿ ಕರಗಿಹೋಗುತ್ತದೆ. ಇದು ಭಾಷಾಂತರಕಾರರ ತಪ್ಪಲ್ಲ. ಭಾಷೆ ಕೇಳಿದ ಬೆಲೆ.

ಅವರ ಕೈಯಲ್ಲಿದ್ದ ಆಯ್ಕೆಯೆಂದರೆ ಸಂಬೋಧನೆ. ದೋಣಿಯಲ್ಲಿ ಯೇಸು ಮಲಗಿರುವಾಗ ಬಿರುಗಾಳಿ ಏಳುವ ಪ್ರಸಂಗ ಮೂರು ಸುವಾರ್ತೆಗಳಲ್ಲಿದೆ. ಮಾರ್ಕನ ಶಿಷ್ಯರು ಅವನನ್ನು ಬೋಧಕನೆಂದು ಕರೆದು, ನಾವು ಸಾಯುತ್ತಿರುವುದು ನಿನಗೆ ಲೆಕ್ಕಕ್ಕಿಲ್ಲವೇ ಎಂಬರ್ಥದ ಕಟುಮಾತು ಆಡುತ್ತಾರೆ. ಮತ್ತಾಯನಲ್ಲಿ ಅದು ಪ್ರಭುವಿನ ಮುಂದೆ ಕಾಪಾಡೆಂಬ ಪ್ರಾರ್ಥನೆಯಾಗುತ್ತದೆ. ಲೂಕನಲ್ಲಿ ಒಡೆಯನೆಂಬರ್ಥದ ಬೇರೊಂದು ಪದದ ಎರಡು ಬಾರಿಯ ಕರೆ. ಗಾಬರಿಗೊಂಡ ಗೆಳೆಯರ ಆಕ್ಷೇಪವು ಭಕ್ತರ ಮೊರೆಯಾಗಿ ಮಾರ್ಪಡುವ ಇಡೀ ಚರಿತ್ರೆ ಈ ಮೂರು ಪದಗಳಲ್ಲಿದೆ. ಕನ್ನಡದಲ್ಲಿ ‘ಗುರು’ ಎಂಬ ಒಂದೇ ಪದ ಮಾರ್ಕ ಲೂಕರಿಬ್ಬರಿಗೂ ಒದಗಿದಾಗ ಆ ಚರಿತ್ರೆಯ ಒಂದು ಮೆಟ್ಟಿಲು ಅಳಿಸಿಹೋಗುತ್ತದೆ.

ಹಳೆಯ ‘ಸತ್ಯವೇದ’ದ ಯೇಸು ‘ಆತನು’. ಅವನನ್ನು ಶಿಷ್ಯರು ‘ನೀನು’ ಎನ್ನುತ್ತಾರೆ. 20ನೆಯ ಶತಮಾನದ ಕೊನೆಯ ಭಾಗದಲ್ಲಿ ಕ್ಯಾಥೊಲಿಕರ ಸಹಭಾಗಿತ್ವದಿಂದ ಸಿದ್ಧವಾದ ಸರಳ ಅನುವಾದದಲ್ಲಿ ಅವನು ‘ಯೇಸುಸ್ವಾಮಿ’, ಕ್ರಿಯಾಪದ ಬಹುವಚನದ್ದು, ಶಿಷ್ಯರು ‘ನೀವು’ ಎನ್ನುತ್ತಾರೆ. ಯೋಹಾನನ ‘ಲೋಗೊಸ್’ ಹಳೆಯದರಲ್ಲಿ ‘ವಾಕ್ಯ’ವಾಗಿದ್ದದ್ದು ಇಲ್ಲಿ ‘ದಿವ್ಯವಾಣಿ’. ‘ಯೆಹೋವ’ನ ಎಡೆಯಲ್ಲಿ ‘ಸರ್ವೇಶ್ವರ’. ಹೊಸ ಅನುವಾದ ಓದಲು ಸಲೀಸು, ಕಿವಿಗೆ ಹಿತ. ‘ವಾಕ್ಯ’ವೆಂಬ ವ್ಯಾಕರಣದ ಪದ ಹೊರಲಾರದ ಭಾರವನ್ನು ‘ದಿವ್ಯವಾಣಿ’ ಒಂದಷ್ಟು ಹೊರುತ್ತದೆ. ಆದರೆ ಗೌರವಸೂಚಕ ಬಹುವಚನದ ಬಗೆಗೆ ತಕರಾರು ಸಲ್ಲಬೇಕು. ಗ್ರೀಕಿನಲ್ಲಿ ಇಂತಹ ಬಹುವಚನವಿಲ್ಲ. ಅದಕ್ಕಿಂತ ಮುಖ್ಯವಾಗಿ, ಕನ್ನಡದಲ್ಲಿ ಏಕವಚನ ಅಗೌರವವೂ ಅಲ್ಲ. ವಚನಕಾರರು ಕೂಡಲಸಂಗಮನನ್ನು, ದಾಸರು ವಿಠಲನನ್ನು ‘ನೀನು’ ಎಂದೇ ಕರೆದು ಜಗಳವಾಡಿದರು. ದಾಸರ ಪದಗಳನ್ನು ಅಚ್ಚು ಹಾಕಿಸಿದ ಮೋಗ್ಲಿಂಗನ ತಲೆಮಾರಿಗೆ ಈ ಏಕವಚನದ ಸಲುಗೆ ಕಿವಿಯಲ್ಲಿತ್ತು. ದೋಣಿಯ ಶಿಷ್ಯರು ‘ನೀವು’ ಎಂದೊಡನೆ ಅವರ ಬಾಯಿಂದ ಆಕ್ಷೇಪ ಹೊರಡುವುದೇ ಕಷ್ಟವಾಗುತ್ತದೆ. ಎಲ್ಲ ಸುವಾರ್ತೆಗಳಲ್ಲೂ ಮೊದಲ ಪುಟದಿಂದಲೇ ಸ್ವಾಮಿಯಾಗಿಬಿಟ್ಟವನ ವಿಷಯದಲ್ಲಿ, ಈತ ಯಾರು ಎಂದು ಮಾರ್ಕನ ಪಾತ್ರಗಳು ಬೆರಗಾಗಿ ಕೇಳುವುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಸಾಮತಿಗಳಲ್ಲಿ ಮಾತ್ರ ಕನ್ನಡಕ್ಕೆ ಯಾವ ಅಳುಕೂ ಇಲ್ಲ. ಬೀಜ ಬಿತ್ತುವವನು, ಕುರುಬ, ಹುಳಿಹಿಟ್ಟು, ಸಾಲಿಗ, ಮೇಟಿ ಎಲ್ಲರೂ ಊರಿನವರೇ. ಮತ್ತಾಯನ ಇಪ್ಪತ್ತನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನ ಬೆಳಗಿನಿಂದ ದುಡಿದವನಿಗೂ ಇಳಿಹೊತ್ತಿಗೆ ಬಂದವನಿಗೂ ಒಂದೇ ಕೂಲಿ ಕೊಡುತ್ತಾನೆ. ಕಾಫಿತೋಟಗಳ ಲೈನ್‌ಮನೆಗಳನ್ನೂ ದಿನಗೂಲಿಯನ್ನೂ ಬಲ್ಲ ಕೊಡಗಿನ ಕೇಳುಗನಿಗೆ ಇದು ಮೊದಲು ಕೂಲಿಯ ಲೆಕ್ಕ, ಆಮೇಲೆ ದೇವರ ರಾಜ್ಯದ ದೃಷ್ಟಾಂತ. ಬೆಳಗಿನವರ ಗೊಣಗಾಟ ಅವನಿಗೆ ನ್ಯಾಯವಾಗಿಯೇ ಕಾಣುತ್ತದೆ. ಹಾಗೆ ಕಂಡಾಗಲೇ ಸಾಮತಿ ಚುಚ್ಚುವುದು. ಇದಕ್ಕೆ ಪ್ರತಿಯಾಗಿ ಶಿರಂಗಾಲದಂತಹ ಹೊಳೆಯಂಚಿನ ಊರಲ್ಲಿ ಸಸಿಮಡಿ ಮಾಡಿ, ಕಿತ್ತು, ಗದ್ದೆಯಲ್ಲಿ ನಾಟಿ ಮಾಡುವವನಿಗೆ ದಾರಿಯ ಮೇಲೂ ಬಂಡೆಯ ಮೇಲೂ ಬೀಜ ಚೆಲ್ಲುವ ಬೇಸಾಯಗಾರ ವಿಚಿತ್ರವಾಗಿ ಕಂಡಾನು. ರಾಗಿ ಎರಚುವ ಹೊಲದವನಿಗೆ ಅಷ್ಟು ವಿಚಿತ್ರವಲ್ಲ. ಲೂಕನ ಸಾಮತಿಗಳನ್ನೂ ಮತ್ತಾಯನ ಸಾಮತಿಗಳನ್ನೂ ಬೇರೆಬೇರೆಯಾಗಿ ಓದಿದರೆ ಮತ್ತಾಯನಲ್ಲಿ ಲೆಕ್ಕ ಕೇಳುವ ಯಜಮಾನರೂ, ಲೂಕನಲ್ಲಿ ಕಳೆದುಕೊಂಡು ಹುಡುಕುವವರೂ ಎದ್ದುಕಾಣುತ್ತಾರೆ. ಕಥಾಸಂಗ್ರಹಗಳಲ್ಲಿ ಈ ಭೇದ ಸಿಗುವುದಿಲ್ಲ.

ಮಾರ್ಕನ ಮುಕ್ತಾಯದಲ್ಲಿ ಈ ಎಲ್ಲ ಪ್ರಶ್ನೆಗಳೂ ಒಂದೆಡೆ ಕೂಡುತ್ತವೆ. ನಾಲ್ಕನೆಯ ಶತಮಾನದ ಸಿನೈ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಅವನ ಗ್ರಂಥ ಹದಿನಾರನೆಯ ಅಧ್ಯಾಯದ ಎಂಟನೆಯ ವಚನಕ್ಕೇ ನಿಲ್ಲುತ್ತದೆ: ಬರಿದಾದ ಸಮಾಧಿಯಿಂದ ಹೆಂಗಸರು ಓಡಿಹೋಗುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ, ಹೆದರಿದ್ದರು. ಎದ್ದುಬಂದ ಯೇಸು ಕಾಣಿಸಿಕೊಳ್ಳುವ ಮುಂದಿನ ವಚನಗಳು ಉಳಿದ ಸುವಾರ್ತೆಗಳ ಹೊಂದಿಕೆಗಾಗಿ ಆಮೇಲೆ ಸೇರಿದವೆಂಬುದು ಬಹುತೇಕ ವಿದ್ವಾಂಸರ ಮತ. ಅಂದರೆ ನಾಲ್ಕನ್ನು ಒಂದು ಮಾಡುವ ಆಸೆ ಸುವಾರ್ತೆಯ ಪಠ್ಯದೊಳಕ್ಕೇ ನುಗ್ಗಿತ್ತು. ಗ್ರೀಕಿನಲ್ಲಿ ಆ ಕೊನೆಯ ವಾಕ್ಯವು ಕಾರಣವನ್ನು ಸೂಚಿಸುವ ಒಂದು ಪುಟ್ಟ ಅವ್ಯಯದಲ್ಲಿ, ಭಯದ ಮಾತಿನೊಂದಿಗೆ ಅರ್ಧಕ್ಕೆ ಕಡಿದಂತೆ ನಿಲ್ಲುತ್ತದೆ. ಕನ್ನಡದ ಸಹಜ ಕ್ರಮದಲ್ಲಿ ಕಾರಣ ಮೊದಲು ಬರುತ್ತದೆ, ಮುಖ್ಯ ಕ್ರಿಯೆ ಆಮೇಲೆ: ಹೆದರಿದ್ದರಿಂದ ಹೇಳಲಿಲ್ಲ. ಗ್ರೀಕ್ ಓದುಗನಿಗೆ ಕಡೆಗೆ ಉಳಿಯುವುದು ಆ ಹೆಂಗಸರ ಭಯ. ಕನ್ನಡ ಓದುಗನಿಗೆ ಅವರ ಮೌನ.