ಕಿರುಗತೆ ಕೇಳುವ ಬಗೆ, ಕೇಳಿದುದನ್ನು ಹೇಳುವ ಬಗೆ

ಕಾದಂಬರಿಯೊಂದನ್ನು ಓದಿ ಮುಗಿಸಿದ ವಾಚಕನು ಅದರ ಕರ್ತೃವನ್ನು ಕಂಡಾಗ ಏನನ್ನೂ ಹೇಳದೆ ಕೈಮುಗಿದು ಹೋದರೂ ಕರ್ತೃವಿಗೆ ಹೆಚ್ಚಿನ ನಷ್ಟವಿಲ್ಲ. ನಾನೂರು ಪುಟಗಳ ಉದ್ದಕ್ಕೂ ಪಾತ್ರಗಳನ್ನು ನಡೆಸಿ, ನುಡಿಸಿ, ದೇಶಕಾಲಗಳನ್ನು ವಿವರಿಸಿದ ಮೇಲೆ ತಾನು ಹೇಳಬೇಕೆಂದುದು ಬಹುಮಟ್ಟಿಗೆ ಓದುಗನನ್ನು ಮುಟ್ಟಿರುತ್ತದೆಂದು ಆತನು ನಂಬಿ ನೆಮ್ಮದಿಯಾಗಿರಬಹುದು. ಕಿರುಗತೆಯನ್ನು ಬರೆದವನಿಗೆ ಆ ನೆಮ್ಮದಿಯಿಲ್ಲ. ಅರ್ಧ ಪುಟದಲ್ಲಿ, ಒಮ್ಮೊಮ್ಮೆ ಹತ್ತೇ ವಾಕ್ಯಗಳಲ್ಲಿ ಮುಗಿದುಹೋಗುವ ಈ ಪ್ರಕಾರದಲ್ಲಿ ಕಥೆಯ ಬಹುಭಾಗವು ಬರೆಯದೆ ಬಿಟ್ಟುದರಲ್ಲಿರುತ್ತದೆ. ಹಾಗೆ ಬಿಟ್ಟದ್ದು ಓದುಗನ ಚಿತ್ತದಲ್ಲಿ ಮೂಡಿತೋ ಇಲ್ಲವೋ, ಮೂಡಿದ್ದರೆ ಯಾವ ಆಕಾರದಲ್ಲಿ ಮೂಡಿತು ಎಂಬುದನ್ನು ತಿಳಿಯಲು ಓದುಗನ ಬಾಯಿಯ ಹೊರತು ಬೇರೆ ಮಾರ್ಗವೇ ಲೇಖಕನಿಗಿಲ್ಲ. ಆದುದರಿಂದ ಕಿರುಗತೆಯ ರಸಿಕನಾಗಬೇಕೆಂದು ಹೊರಟವನು ಓದುವುದನ್ನು ಕಲಿತರೆ ಸಾಲದು, ಓದಿದುದನ್ನು ಹೇಳುವುದನ್ನೂ ಕಲಿಯಬೇಕು. ಆ ವಿದ್ಯೆಯನ್ನು ಹೊಸಬರ ಉಪಯೋಗಕ್ಕಾಗಿ ಕೊಂಚ ವಿಸ್ತರಿಸಿ ಹೇಳುವುದು ಈ ಬರೆಹದ ಉದ್ದೇಶ.

ಮಾಸ್ತಿಯವರ 'ಕೆಲವು ಸಣ್ಣ ಕಥೆಗಳು' 1920ರಲ್ಲಿ ಹೊರಬಂದಂದಿನಿಂದ ಸಣ್ಣಕಥೆಯು ಕನ್ನಡಿಗರಿಗೆ ಮನೆಯ ಮಾತಾಗಿದೆ. ಅದಕ್ಕಿಂತಲೂ ಕಿರಿದಾದ ರೂಪವನ್ನು ಕಿರುಗತೆಯೆಂದೂ ಹನಿಗತೆಯೆಂದೂ ಅತಿಸಣ್ಣ ಕತೆಯೆಂದೂ ಕರೆಯುವುದುಂಟು. ಎಸ್. ದಿವಾಕರ್ ಅವರು 'ಜಗತ್ತಿನ ಅತಿಸಣ್ಣ ಕತೆಗಳು' ಎಂಬ ಹೆಸರಿನಲ್ಲಿ ಬೇರೆ ಬೇರೆ ದೇಶಗಳ ಇಂತಹ ಕತೆಗಳನ್ನು ಕನ್ನಡಕ್ಕೆ ತಂದಿರುವುದರಿಂದ ಹೊಸಬನು ಅಲ್ಲಿಂದಲೇ ಆರಂಭಿಸಬಹುದು. 1968ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಜಪಾನಿನ ಯಸುನಾರಿ ಕವಾಬತನು ತನ್ನ ತಾರುಣ್ಯದಿಂದ ಮೊದಲ್ಗೊಂಡು ಕಡೆಯವರೆಗೂ ಈ ರೂಪವನ್ನು ಬಿಡದೆ, ಅಂಗೈಯಗಲದ ಕಥೆಗಳೆಂದು ಕರೆದು, ನೂರಕ್ಕೂ ಮಿಕ್ಕಿದ ಕಥೆಗಳನ್ನು ಬರೆದನು. ನಮ್ಮ ದೇಶದಲ್ಲಿ ಭಾಗಲ್ಪುರದ ವೈದ್ಯರಾಗಿದ್ದ ಬಲಾಯಿಚಾಂದ್ ಮುಖೋಪಾಧ್ಯಾಯರು 'ಬನಫೂಲ್' ಎಂಬ ಕಾವ್ಯನಾಮದಿಂದ ಬಂಗಾಳಿಯಲ್ಲಿಯೂ, ಸಾದತ್ ಹಸನ್ ಮಂಟೋ ಉರ್ದುವಿನಲ್ಲಿಯೂ ಇದನ್ನು ಪರಾಕಾಷ್ಠೆಗೆ ಒಯ್ದರು. ದೇಶವಿಭಜನೆಯ ಹಿಂಸಾಚಾರವನ್ನು ಕುರಿತ ಮಂಟೋವಿನ 'ಸಿಯಾಹ್ ಹಾಶಿಯೇ' ಎಂಬ ಸಂಗ್ರಹವು 1948ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದೆರಡು ಪುಟ ಓಡುವ ಕಥೆಗಳೂ ಇವೆ, ಎರಡು ಮೂರು ಸಾಲುಗಳಲ್ಲಿ ತೀರಿಹೋಗುವ ಕಥೆಗಳೂ ಇವೆ.

ಆ ಸಂಗ್ರಹದ 'ಜೆಲ್ಲಿ' ಎಂಬ ಒಂದು ಕಥೆಯನ್ನು ಹತ್ತಿರದಿಂದ ನೋಡೋಣ. ಮುಂಜಾನೆ ಆರು ಗಂಟೆಗೆ ಪೆಟ್ರೋಲ್ ಪಂಪಿನ ಬಳಿ ಕೈಗಾಡಿಯಲ್ಲಿ ಮಂಜುಗಡ್ಡೆ ಮಾರುವವನೊಬ್ಬನನ್ನು ಯಾರೋ ಇರಿಯುತ್ತಾರೆ. ಏಳರವರೆಗೂ ಶವವು ಡಾಂಬರು ರಸ್ತೆಯ ಮೇಲೆ ಬಿದ್ದಿರುತ್ತದೆ, ಮಂಜುಗಡ್ಡೆ ಕರಗಿ ಕರಗಿ ಅದರ ಮೇಲೆ ತೊಟ್ಟಿಕ್ಕುತ್ತದೆ. ಏಳೂಕಾಲಿಗೆ ಪೋಲೀಸರು ಶವವನ್ನು ಒಯ್ಯುತ್ತಾರೆ, ರಕ್ತವೂ ಮಂಜುಗಡ್ಡೆಯೂ ಅಲ್ಲಿಯೇ ಉಳಿಯುತ್ತವೆ. ಆಮೇಲೆ ಹಾದುಹೋದ ಟಾಂಗಾದಲ್ಲಿದ್ದ ಮಗುವೊಂದು, ಹೆಪ್ಪುಗಟ್ಟಿ ಥಳಥಳಿಸುವ ರಕ್ತವನ್ನು ಕಂಡು, ಬಾಯಲ್ಲಿ ನೀರೂರಿ, ತಾಯಿಯ ತೋಳನ್ನು ಜಗ್ಗಿ, ಶೀರ್ಷಿಕೆಯಲ್ಲಿರುವ ಆ ತಿಂಡಿಯ ಹೆಸರನ್ನು ಹೇಳುತ್ತದೆ. ಕಥೆ ಇಷ್ಟೇ. ಸತ್ತವನು ಯಾವ ಮತದವನು, ಇರಿದವನು ಯಾವ ಮತದವನು, ಊರು ಯಾವುದು, ಯಾವುದನ್ನೂ ಲೇಖಕನು ಹೇಳಿಲ್ಲ. ಹೇಳಿರುವುದು ಗಂಟೆಗಳನ್ನು ಮಾತ್ರ, ಅದೂ ಪೋಲೀಸು ಠಾಣೆಯ ದಿನಚರಿಯಲ್ಲಿ ಬರೆದಂತೆ. ಶೀರ್ಷಿಕೆಯನ್ನು ಓದುವಾಗ ನಮ್ಮ ನಾಲಗೆಯ ಮೇಲೆ ಮೂಡಿದ ನಿರಪರಾಧಿಯಾದ ಸವಿಯೇ ಕೊನೆಯ ಮಾತಿನಲ್ಲಿ ನಮ್ಮ ಮೇಲೆ ತಿರುಗಿ ಬೀಳುವಂತೆ ಕಥೆಯನ್ನು ಕಟ್ಟಿದೆ. ಆದುದರಿಂದ ಕಿರುಗತೆಯನ್ನು ಓದುವವನು ಶೀರ್ಷಿಕೆಯನ್ನು ಕಥೆಯ ಮೊದಲ ವಾಕ್ಯವೆಂದೇ ಭಾವಿಸಬೇಕು. ಗಟ್ಟಿಯಾಗಿ ಒಮ್ಮೆ ಓದಬೇಕು. ನಡುವೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಓದಬೇಕು. ಮೊದಲ ಓದಿನಲ್ಲಿ ಆದುದನ್ನು ಎರಡನೆಯ ಓದಿಗೆ ಮುನ್ನವೇ ಮನಸ್ಸಿನಲ್ಲಿ, ಸಾಧ್ಯವಾದರೆ ಕಾಗದದ ಮೇಲೆ, ಗುರುತು ಹಾಕಿಕೊಳ್ಳಬೇಕು. ಕೊನೆಯನ್ನು ಅರಿಯದೆ ಓದುವ ಭಾಗ್ಯವು ಒಂದು ಕಿರುಗತೆಗೆ ಒಂದೇ ಸಲ ದೊರಕುವುದು; ಆಗ ಆದುದರ ವರದಿಯೇ ಲೇಖಕನಿಗೆ ಅತ್ಯಂತ ಬೆಲೆಯುಳ್ಳದ್ದು.

ವರದಿಯೆಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಗೋಷ್ಠಿಗಳಲ್ಲಿ ಕಿರುಗತೆಯೊಂದನ್ನು ಓದಿದ ಮೇಲೆ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ತೀರ್ಪುಗಳು: ಚೆನ್ನಾಗಿದೆ, ಮನಮುಟ್ಟಿತು, ಅಂತ್ಯ ಊಹಿಸಿದಂತೆಯೇ ಆಯಿತು, ಇನ್ನೂ ಸ್ವಲ್ಪ ಬೆಳೆಸಬಹುದಿತ್ತು. ಇವುಗಳಲ್ಲಿ ಕಡೆಯದು ಅತ್ಯಂತ ಪ್ರಚುರವಾದುದೂ ಅತ್ಯಂತ ತೊಡಕಿನದೂ ಆಗಿದೆ. ಕಥೆಯಲ್ಲಿ ಅವಶ್ಯವಾದ ಯಾವುದೋ ಒಂದು ಎಳೆ ಸಿಕ್ಕದೆ ಓದುಗನು ತಬ್ಬಿಬ್ಬಾದಾಗಲೂ ಈ ಮಾತನ್ನು ಆಡುತ್ತಾನೆ. ಕಥೆಯು ಮುಗಿದ ಮೇಲೆಯೂ ಅವನ ಚಿತ್ತದಲ್ಲಿ ಬೆಳೆಯುತ್ತಲೇ ಹೋಗಿ, ಆ ಬೆಳವಣಿಗೆಯ ಸುಖವನ್ನು ಕೊರತೆಯೆಂದು ಅವನು ತಪ್ಪು ತಿಳಿದಾಗಲೂ ಇದೇ ಮಾತನ್ನು ಆಡುತ್ತಾನೆ. ಮೊದಲನೆಯದು ಕಥೆಯ ಸೋಲು, ಎರಡನೆಯದು ಅದರ ಪರಮ ಸಾರ್ಥಕ್ಯ. ಮಾತು ಮಾತ್ರ ಒಂದೇ, ಕೇಳಿದ ಲೇಖಕನಿಗೆ ಭೇದ ತಿಳಿಯುವ ಬಗೆಯಿಲ್ಲ. ಹೀಗಿರುವುದರಿಂದ 'ಬೆಳೆಸಬಹುದಿತ್ತು' ಎಂಬುದು ತುಟಿಗೆ ಬಂದಾಗ ಸಹೃದಯನು ಒಂದು ನಿಮಿಷ ತಡೆದು, ತನಗೆ ತಿಳಿಯದೆ ಹೋದುದಾದರೂ ಏನು, ತಿಳಿದೂ ಇನ್ನೂ ಬೇಕೆನಿಸಿದುದಾದರೂ ಏನು ಎಂದು ತನ್ನೊಳಗೇ ವಿಚಾರಿಸಿ, ಅದನ್ನು ಹೇಳತಕ್ಕದ್ದು. 'ಜೆಲ್ಲಿ'ಯನ್ನು ಓದಿದವನೊಬ್ಬನು, "ಏಳರವರೆಗೂ ಎಂದಾಗ ನಾನು ಹಿಂದೆ ಹೋಗಿ ಗಂಟೆಯನ್ನು ಮತ್ತೆ ನೋಡಿದೆ, ಒಂದು ಗಂಟೆ ಯಾರೂ ಹತ್ತಿರ ಬರಲಿಲ್ಲವೇ ಎನಿಸಿತು, ಮಗುವಿನ ಬಾಯಲ್ಲಿ ನೀರೂರಿದೊಡನೆ ಹೊಟ್ಟೆ ತೊಳಸಿತು, ಸತ್ತವನು ಯಾರ ಕಡೆಯವನೆಂದು ತಿಳಿಯಬೇಕೆನಿಸಿತು, ಹಾಗೆನಿಸಿದುದಕ್ಕೆ ನಾಚಿಕೆಯೂ ಆಯಿತು" ಎಂದರೆ, ಅದರಲ್ಲಿ ಹೊಗಳಿಕೆ ತೆಗಳಿಕೆಗಳ ಒಂದು ಮಾತೂ ಇಲ್ಲದಿದ್ದರೂ ಲೇಖಕನಿಗೆ ಬೇಕಾದುದೆಲ್ಲವೂ ಇದೆ. ಅದೇ ಓದುಗನು ಸತ್ತವನ ಮತವನ್ನು ಕಥೆಯಲ್ಲಿ ಸೇರಿಸಬೇಕೆಂದು ಹಟ ಹಿಡಿದಿದ್ದರೆ ಆ ನಾಚಿಕೆಗೆ ಎಡೆಯೇ ಇಲ್ಲದಂತಾಗುತ್ತಿತ್ತು.

ಮಂಟೋವಿಗೆ ದೊರೆತ ಪ್ರತಿಕ್ರಿಯೆಯಾದರೋ ಈ ಬಗೆಯದಲ್ಲ. 'ಸಿಯಾಹ್ ಹಾಶಿಯೇ'ಗೆ ಮುನ್ನುಡಿ ಬರೆದವರು ಉರ್ದು ವಿಮರ್ಶಕ ಮುಹಮ್ಮದ್ ಹಸನ್ ಅಸ್ಕರಿ. ಪ್ರಗತಿಶೀಲ ಲೇಖಕರಿಗೂ ಅವರಿಗೂ ವಿರಸವಿದ್ದುದರಿಂದ, ಪುಸ್ತಕವನ್ನು ಮುನ್ನುಡಿಯ ಕನ್ನಡಕದಿಂದಲೇ ನೋಡಿ ತಳ್ಳಿಹಾಕಿದವರು ಹಲವರಾದರು. ಶವಗಳ ಜೇಬುಗಳಿಂದ ಸಿಗರೇಟಿನ ತುಂಡುಗಳನ್ನೂ ಉಂಗುರಗಳನ್ನೂ ಹೆಕ್ಕಿ ಕೂಡಿಹಾಕಿದ್ದಾನೆಂಬ ಅರ್ಥದ ಆಕ್ಷೇಪಣೆಯೊಂದನ್ನು ಮಂಟೋ ತಾನೇ, 1951ರ 'ಯಜೀದ್' ಸಂಗ್ರಹಕ್ಕೆ ಸೇರಿದ 'ಜೇಬ್-ಎ-ಕಫನ್' ಎಂಬ ಲೇಖನದಲ್ಲಿ, ಆಳವಾದ ನೋವಿನಿಂದ ನೆನೆದಿದ್ದಾನೆ. ಆ ಕಥೆಗಳಲ್ಲಿ ಹಲವು ಓದುಗನ ತುಟಿಯ ಮೇಲೆ ಒಂದು ಭಯಂಕರವಾದ ನಗೆಯನ್ನು ತರುತ್ತವೆ ಎಂಬುದು ನಿಜ; ಆಕ್ಷೇಪಿಸಿದವನು ಇಂತಹ ಕಥೆಯ ಇಂತಹ ಸಾಲಿನಲ್ಲಿ ನನಗೆ ನಗು ಬಂದಿತು, ಬಂದುದಕ್ಕಾಗಿ ನನ್ನ ಮೇಲೆ ನನಗೇ ಜುಗುಪ್ಸೆಯಾಯಿತು ಎಂದು ಹೇಳಿದ್ದರೆ, ಲೇಖಕನಿಗೆ ಅದಕ್ಕಿಂತ ಸತ್ಯವಾದ ಸಾಕ್ಷ್ಯವು ಇನ್ನಾವುದೂ ಇರುತ್ತಿರಲಿಲ್ಲ. ತನ್ನಲ್ಲಿ ಎದ್ದ ಜುಗುಪ್ಸೆಯನ್ನು ಲೇಖಕನ ಶೀಲಕ್ಕೆ ಅಂಟಿಸಿಬಿಟ್ಟುದರಿಂದ ಓದು ಅಲ್ಲಿಗೇ ನಿಂತುಹೋಯಿತು.

ಓದುಗರ ಈ ಬಗೆಗಳನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ರಾಜಶೇಖರನು ಸಾವಿರ ವರ್ಷಗಳಿಗೂ ಹಿಂದೆ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಕವಿಗೆ ರಚಿಸುವ ಕಾರಯಿತ್ರೀ ಪ್ರತಿಭೆಯನ್ನು ಹೇಳಿದಂತೆಯೇ ಓದುಗನಿಗೆ ಆಸ್ವಾದಿಸುವ ಭಾವಯಿತ್ರೀ ಪ್ರತಿಭೆಯನ್ನು ಹೇಳಿ, ಭಾವಕರನ್ನು, ಎಂದರೆ ಓದುಗರನ್ನು, ನಾಲ್ಕು ವರ್ಗ ಮಾಡುತ್ತಾನೆ. ಯಾವುದೂ ರುಚಿಸದವನು ಅರೋಚಕಿ. ಹುಲ್ಲನ್ನೂ ಕೂಡಿ ತಿನ್ನುವವನು, ಎಂದರೆ ಸಿಕ್ಕಿದುದನ್ನೆಲ್ಲ ಮೆಚ್ಚುವವನು, ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಮರೆಮಾಡುವವನು ಮತ್ಸರಿ. ತತ್ತ್ವವನ್ನು ಹಿಡಿಯುವವನು ತತ್ತ್ವಾಭಿನಿವೇಶಿ. ಈ ಕಡೆಯವನು ಸಾವಿರಕ್ಕೊಬ್ಬನೆಂದೂ, ಕವಿಗೆ ಒಡೆಯ, ಮಿತ್ರ, ಮಂತ್ರಿ, ಶಿಷ್ಯ, ಗುರು ಎಲ್ಲವೂ ಭಾವಕನೇ ಎಂದೂ ರಾಜಶೇಖರನ ಅಭಿಪ್ರಾಯ. ಕಿರುಗತೆಯ ಮಟ್ಟಿಗೆ ಮತ್ಸರಿಯಿಂದ ಹೆಚ್ಚು ಅಪಾಯವಿಲ್ಲ, ಅವನನ್ನು ಲೇಖಕನು ಬೇಗ ಗುರುತಿಸುತ್ತಾನೆ. ಸತೃಣಾಭ್ಯವಹಾರಿಯೇ ಹೆಚ್ಚು ಹಾನಿಕರ. ಓದಲು ಒಂದು ನಿಮಿಷ ಸಾಕಾದ ಬರೆಹವನ್ನು ಮೆಚ್ಚಲು ಅರ್ಧ ನಿಮಿಷ ಸಾಕೆಂದು ಅವನು ನಂಬಿದ್ದಾನೆ. ಅರೋಚಕಿಯ ಅರುಚಿಯು ಹುಟ್ಟುಗುಣವಾಗಿರದೆ ತಿಳಿವಿನಿಂದ ಬಂದುದಾದರೆ, ವಿಶಿಷ್ಟವಾದುದು ಎದುರಾದಾಗ ಅವನೂ ಒಲಿಯುತ್ತಾನೆ. ಅಂತಹವನೊಬ್ಬನು ಗೋಷ್ಠಿಯಲ್ಲಿರುವುದನ್ನು ಲೇಖಕನು ಪುಣ್ಯವೆಂದೇ ತಿಳಿಯಬೇಕು.

ಕಿರುಗತೆಯನ್ನು ಕುರಿತ ಚರ್ಚೆಯೆಲ್ಲವೂ ಕಟ್ಟಕಡೆಗೆ ಕೊನೆಯ ವಾಕ್ಯಕ್ಕೆ ಬಂದು ನಿಲ್ಲುವುದು ಅನಿವಾರ್ಯ. ಇದಕ್ಕೆ ಬನಫೂಲರ 'ನೀಮ್‌ಗಾಛ್' ಒಳ್ಳೆಯ ನಿದರ್ಶನ. ಬೇವಿನ ಮರವೊಂದರ ತೊಗಟೆಯನ್ನು ಒಬ್ಬರು ಸುಲಿಯುತ್ತಾರೆ, ಎಲೆಯನ್ನು ಒಬ್ಬರು ಅರೆಯುತ್ತಾರೆ, ಕಡ್ಡಿಯಿಂದ ಒಬ್ಬರು ಹಲ್ಲುಜ್ಜುತ್ತಾರೆ. ಆರೈಕೆ ಮಾಡುವವರಿಲ್ಲ, ಸುತ್ತಲೂ ಕಸ. ಒಂದು ದಿನ ಬೇರೊಂದು ಬಗೆಯ ಮನುಷ್ಯನು ಬಂದು, ಏನನ್ನೂ ಕೀಳದೆ, ಮನಸೋತು ನೋಡಿ, ಅದರ ಚೆಲುವನ್ನು ಕೊಂಡಾಡಿ ಹೊರಟುಹೋಗುತ್ತಾನೆ, ಅವನು ಕವಿ. ಅವನೊಡನೆ ಹೋಗಿಬಿಡಬೇಕೆಂದು ಮರಕ್ಕೆ ಆಸೆಯಾಗುತ್ತದೆ, ಆದರೆ ಬೇರುಗಳು ಬಹಳ ದೂರ ಇಳಿದಿವೆ. ಇಲ್ಲಿಗೆ ಮುಗಿಯಬಹುದಾಗಿದ್ದ ಕಥೆಗೆ ಇನ್ನೊಂದು ವಾಕ್ಯವಿದೆ: ಪಕ್ಕದ ಮನೆಯ, ಕೆಲಸದಲ್ಲಿ ಜಾಣೆಯಾದ ಸೊಸೆಯ ಸ್ಥಿತಿಯೂ ಅದೇ ಎಂಬ ಅರ್ಥದ ಪುಟ್ಟ ವಾಕ್ಯ. ಇದು ಬೇಕಿರಲಿಲ್ಲ, ವ್ಯಂಗ್ಯವನ್ನು ವಾಚ್ಯಮಾಡಿದಂತಾಯಿತು, ಎಂದರೆ ಸೂಚ್ಯವಾಗಿರಬೇಕಾದ ಅರ್ಥವನ್ನು ಬಾಯಿಬಿಟ್ಟು ಹೇಳಿದಂತಾಯಿತು ಎನ್ನುವವರು ಇರಬಹುದು. ಇಂತಹ ಸಂದರ್ಭದಲ್ಲಿ ವಾದಿಸುವುದಕ್ಕಿಂತ, ಕೊನೆಯ ವಾಕ್ಯವನ್ನು ಕೈಯಿಂದ ಮುಚ್ಚಿ ಕಥೆಯನ್ನು ಇನ್ನೊಮ್ಮೆ ಓದಿ, ಎರಡು ಓದುಗಳಿಗೂ ಆದ ವ್ಯತ್ಯಾಸವನ್ನು ಹೇಳುವುದು ಮೇಲು. ನನಗೆ ತೋರುವಂತೆ ಆ ವಾಕ್ಯವನ್ನು ಮುಚ್ಚಿದರೆ ಮರವು ಮರವಾಗಿಯೇ ಉಳಿಯುತ್ತದೆ. ತೆರೆದೊಡನೆ ಸುಲಿದ ತೊಗಟೆ, ಅರೆದ ಎಲೆ, ಮುರಿದ ಕಡ್ಡಿಗಳೆಲ್ಲ ಒಂದೊಂದಾಗಿ ಒಬ್ಬ ಹೆಣ್ಣುಮಗಳ ದಿನಗಳಾಗಿ ಹಿಂದಿರುಗಿ ಬರುತ್ತವೆ. ಆದುದರಿಂದ ಅದು ಇರಲೇಬೇಕೆಂಬುದು ನನ್ನ ನಿರ್ಣಯ. ಬೇರೊಬ್ಬನಿಗೆ ಬೇರೆಯಾಗಿ ತೋರಿದರೆ, ಹೇಗೆ ತೋರಿತೆಂಬುದನ್ನು ಅವನು ಹೇಳಲಿ.

ಇನ್ನು ಪ್ರತಿಕ್ರಿಯೆಯನ್ನು ಸ್ವೀಕರಿಸುವವನ ಮಾತು. ರಾಜಶೇಖರನು ಕವಿಯ ದಿನಚರಿಯನ್ನು ವಿಧಿಸುವಾಗ, ಬೆಳಗ್ಗೆ ರಚಿಸಿದುದನ್ನು ಹಗಲಿನ ನಾಲ್ಕನೆಯ ಜಾವದಲ್ಲಿ ಒಬ್ಬನೇ ಕುಳಿತಾಗಲಿ, ಮಿತವಾದ ಗೋಷ್ಠಿಯೊಂದಿಗಾಗಲಿ ಪರೀಕ್ಷಿಸಬೇಕೆಂದೂ, ರಸದ ಆವೇಶದಲ್ಲಿ ಬರೆಯುವಾಗ ವಿವೇಚಿಸುವ ದೃಷ್ಟಿಯಿರುವುದಿಲ್ಲವೆಂದೂ ಹೇಳುತ್ತಾನೆ. ಮಿತವಾದ ಗೋಷ್ಠಿ ಎಂಬುದನ್ನು ಗಮನಿಸಬೇಕು; ನಾಲ್ಕೈದು ಜನ ಸಾಕು. ಓದಿದ ಲೇಖಕನು ಅವರೆಲ್ಲರೂ ಹೇಳಿ ಮುಗಿಸುವವರೆಗೆ ಸುಮ್ಮನಿರತಕ್ಕದ್ದು. "ನಾನು ಹೇಳಹೊರಟಿದ್ದು ಹೀಗೆ" ಎಂದು ಬಾಯಿ ತೆರೆದನೆಂದರೆ, ಆ ಕ್ಷಣದಿಂದ ಕೇಳುಗರು ಕಥೆಯನ್ನು ಬಿಟ್ಟು ಅವನ ವಿವರಣೆಗೆ ಉತ್ತರಿಸತೊಡಗುತ್ತಾರೆ, ಅವರ ಸಾಕ್ಷ್ಯ ಕೆಟ್ಟುಹೋಗುತ್ತದೆ. ಅವರ ಮಾತುಗಳನ್ನು ಆಡಿದಂತೆಯೇ ಬರೆದುಕೊಳ್ಳಬೇಕು. ಕೆಲವು ಭಾವಕರು ಮಾತಿನಿಂದ, ಕೆಲವರು ಹೃದಯದಲ್ಲಿಯೇ, ಇನ್ನು ಕೆಲವರು ಮೈಯ ಚೇಷ್ಟೆಗಳಿಂದ ತಮ್ಮ ಆಸ್ವಾದವನ್ನು ತೋರಿಸುತ್ತಾರೆಂದು ರಾಜಶೇಖರನೇ ಗುರುತಿಸಿರುವುದರಿಂದ, ಯಾವ ಮಾತಿಗೆ ಯಾರು ತಲೆಯೆತ್ತಿದರು, ಯಾರು ಉಸಿರು ಹಿಡಿದರು ಎಂಬುದನ್ನೂ ಕಣ್ಣಿನಿಂದ ಕಂಡುಕೊಳ್ಳಬೇಕು. ಕೊನೆಯಲ್ಲಿ ಏನೋ ಕೂಡಿಬರಲಿಲ್ಲವೆಂದು ಮೂವರು ಹೇಳಿದರೆ ಒಡನೆಯೇ ಕೊನೆಯನ್ನು ತಿದ್ದಲು ಹೊರಡಬಾರದು. ಹತ್ತು ವಾಕ್ಯಗಳ ಕಥೆಯಲ್ಲಿ ಹತ್ತನೆಯದರಲ್ಲಿ ಕಂಡ ದೋಷದ ಮೂಲವು ಎರಡನೆಯದರಲ್ಲಿ ಇರುವುದೇ ಹೆಚ್ಚು.

ಕೇಳಿದವರಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿದರೆ ಏನು ಮಾಡಬೇಕು? ಅವರು ಭಿನ್ನರಾಗಿರುವುದು ಯಾವುದರಲ್ಲಿ ಎಂಬುದನ್ನು ಮೊದಲು ನೋಡಬೇಕು. 'ಜೆಲ್ಲಿ'ಯಂತಹ ಕಥೆಯಲ್ಲಿ ಇರಿತಕ್ಕೊಳಗಾದವನು ಯಾರು, ಟಾಂಗಾದಲ್ಲಿದ್ದವರು ಯಾರು ಎಂಬಲ್ಲಿಯೇ ಭೇದವಿದ್ದರೆ ಅದು ಅಸ್ಪಷ್ಟತೆ, ತಿದ್ದಲೇಬೇಕು. ನಡೆದುದೇನೆಂಬಲ್ಲಿ ಎಲ್ಲರೂ ಒಂದಾಗಿದ್ದು, ಅದು ಏನನ್ನು ಸೂಚಿಸಿತೆಂಬಲ್ಲಿ ಬೇರೆ ಬೇರೆಯಾದರೆ ಅದು ಧ್ವನಿಯ, ಎಂದರೆ ಸೂಚ್ಯಾರ್ಥದ, ಸಮೃದ್ಧಿ, ಅದನ್ನು ಮುಟ್ಟಬಾರದು. ಬೆಳಕು ಬೇಕಾದವನು ದೀಪದ ಕುಡಿಯನ್ನು ಜತನವಾಗಿ ನೋಡಿಕೊಳ್ಳುವಂತೆ ವ್ಯಂಗ್ಯವನ್ನು ಬಯಸುವವನು ವಾಚ್ಯದಲ್ಲಿ ಆದರವಿಡಬೇಕೆಂದು ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ಹೇಳಿರುವುದು ಕಿರುಗತೆಗೆ ಎಷ್ಟು ಒಪ್ಪುತ್ತದೆಯೋ ಮಹಾಕಾವ್ಯಕ್ಕೂ ಅಷ್ಟು ಒಪ್ಪಲಾರದು. ಈ ತತ್ತ್ವಗಳ ಪರಿಚಯ ಬೇಕಾದ ಹೊಸಬನಿಗೆ 1953ರಲ್ಲಿ ಹೊರಬಂದ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಇಂದಿಗೂ ಕನ್ನಡದಲ್ಲಿ ನೆಚ್ಚಬಹುದಾದ ಮಾರ್ಗದರ್ಶಿ.

ತಿದ್ದಿದ ಪ್ರತಿಯನ್ನು ಮೊದಲು ಕೇಳಿದವರಿಗೇ ಮತ್ತೆ ಓದುವುದರಿಂದ ಪ್ರಯೋಜನವು ಅಲ್ಪ. ಅವರಿಗೆ ಕೊನೆ ಗೊತ್ತು. ಹಳೆಯದಕ್ಕಿಂತ ಹೊಸದು ಮೇಲೋ ಕೆಳಗೋ ಎಂದು ತೂಗಬಲ್ಲರೇ ಹೊರತು, ಕಥೆಯು ಪ್ರಥಮಶ್ರವಣದಲ್ಲಿ ಏನು ಮಾಡುತ್ತದೆಂಬುದನ್ನು ಅವರು ಇನ್ನು ಹೇಳಲಾರರು. ಗೋಷ್ಠಿಯಲ್ಲಿ ಐವರಿದ್ದರೆ ಮೊದಲ ಓದಿಗೆ ಮೂವರನ್ನಷ್ಟೇ ಕೂಡಿಸಿ, ಉಳಿದ ಇಬ್ಬರನ್ನು ತಿದ್ದಿದ ಪ್ರತಿಗಾಗಿ ಕಾದಿರಿಸುವುದು ಲೇಸು. ಅವರೆದುರಿಗೆ ಓದುವಾಗ ಇದು ತಿದ್ದಿದ ಪ್ರತಿಯೆಂಬುದನ್ನು ಸಹ ತಿಳಿಸಬೇಕಾಗಿಲ್ಲ.