ಬ್ರೋಮಿನ್ ಪರೀಕ್ಷೆಯ ಲಕ್ಷಣವಿಚಾರ

ಮಂಡಿಕಲ್ಲಿನಲ್ಲಿ ಹತ್ತನೆಯ ತರಗತಿಯ ಬಾಲಕನೊಬ್ಬನು ರಸಾಯನಶಾಸ್ತ್ರದ ಟಿಪ್ಪಣಿಯನ್ನು ಕಂಠಪಾಠಮಾಡುತ್ತಿದ್ದನು: ಬ್ರೋಮಿನ್ನಿನ ಬಣ್ಣವನ್ನು ಕಳೆಯುವ ಹೈಡ್ರೊಕಾರ್ಬನ್ ಅಪರ್ಯಾಪ್ತವು, ಕಳೆಯದುದು ಪರ್ಯಾಪ್ತವು. ಶಬ್ದಗಳೇನೋ ಸಾಧುವಾಗಿವೆ. ‘ಪರಿ’ ಪೂರ್ವಕವಾದ ‘ಆಪ್’ ಧಾತುವಿನಿಂದ ಸಿದ್ಧಿಸಿದ ‘ಪರ್ಯಾಪ್ತ’ವು ಪೂರ್ಣವಾಗಿ ಪಡೆದುದೆಂಬ ಅರ್ಥವನ್ನು ಕೊಡುವುದರಿಂದ, ಇಂಗಾಲದ ಪರಮಾಣುಗಳ ನಡುವೆ ಏಕಬಂಧಗಳೇ ಇದ್ದು ಹೊಸಬರಿಗೆ ಎಡೆಯಿಲ್ಲದ ಹೆಕ್ಸೇನಿಗೆ ಚೆನ್ನಾಗಿ ಒಪ್ಪುತ್ತದೆ. ಲಕ್ಷಣವಾಕ್ಯವಾದರೋ ತರ್ಕದ ಒರೆಗೆ ನಿಲ್ಲದು.

ಹೆಕ್ಸೇನು ಪರ್ಯಾಪ್ತವಾಗಿದ್ದರೂ ಬಿಸಿಲಿನಲ್ಲಿಟ್ಟರೆ ಬ್ರೋಮಿನ್ನಿನ ಬಣ್ಣವನ್ನು ಮೆಲ್ಲಮೆಲ್ಲನೆ ಕಳೆಯುವುದು. ಇದು ಅತಿವ್ಯಾಪ್ತಿ. ಕೆಕುಲೆಯು 1865ರಲ್ಲಿ ಉಂಗುರವೆಂದು ನಿರೂಪಿಸಿದ ಬೆಂಜೀನಿಗೆ ಪುಸ್ತಕಗಳು ಮೂರು ದ್ವಿಬಂಧಗಳನ್ನು ಬರೆಯುವುವು; ಆದರೂ ಕತ್ತಲೆಯಲ್ಲಿ, ವೇಗವರ್ಧಕವಿಲ್ಲದೆ, ಅದು ಬ್ರೋಮಿನ್ನಿನ ಬಣ್ಣವನ್ನು ಕಳೆಯದು. ಇದು ಅವ್ಯಾಪ್ತಿ.

ಮೊದಲನೆಯ ದೋಷಕ್ಕೆ ಪರಿಹಾರವುಂಟು. ಹೆಕ್ಸೇನಿನಲ್ಲಿ ಬ್ರೋಮಿನ್ನು ಹೈಡ್ರೊಜನ್ನನ್ನು ಹೊರದೂಡಿ ಅದರ ಪೀಠವನ್ನೇರುವುದು. ನೀರಿಲ್ಲದ ದ್ರಾವಕದಲ್ಲಿ ಪರೀಕ್ಷಿಸಿದರೆ, ಹೊರಬಂದ ಹೈಡ್ರೊಜನ್ ಬ್ರೋಮೈಡು ಒದ್ದೆಯಾದ ನೀಲಿ ಲಿಟ್ಮಸ್ಸನ್ನು ಕೆಂಪಾಗಿಸುವುದು. ಈಥೀನಿನಲ್ಲಿಯೋ ದ್ವಿಬಂಧದ ಒಂದು ಕಟ್ಟು ಬಿಚ್ಚಿ ಬ್ರೋಮಿನ್ನು ಸೇರಿಕೊಳ್ಳುವುದು, ಯಾರೂ ಹೊರಡರು. ವೈಯಾಕರಣರ ಮಾತಿನಲ್ಲಿ ಅದು ಆದೇಶ, ಇದು ಆಗಮ. (ಈ ಸಾಮ್ಯವನ್ನು ಪಾಠಶಾಲೆಯಲ್ಲಿ ಕಲಿತ ನನಗೆ ರಸಾಯನವು ಅಷ್ಟು ಪರಕೀಯವೆನಿಸಲಿಲ್ಲ.) ಆದುದರಿಂದ ‘ಕತ್ತಲೆಯಲ್ಲಿ, ಒಡನೆಯೇ’ ಎಂಬ ವಿಶೇಷಣಗಳನ್ನು ಸೇರಿಸಿದರೆ ಅತಿವ್ಯಾಪ್ತಿ ತೊಲಗುವುದು. ಬೆಂಜೀನನ್ನು ಮಾತ್ರ ಲಕ್ಷ್ಯದಿಂದ ಹೊರಗಿಡದೆ ಗತಿಯಿಲ್ಲ.

ಈ ಎರಡು ಪದಗಳನ್ನು ಬರೆಯೆಂದರೆ, ಟಿಪ್ಪಣಿಯಲ್ಲಿಲ್ಲದುದಕ್ಕೆ ಅಂಕ ಹೋದೀತೆಂದು ಬಾಲಕನು ಅಂಜಿದನು. ಕಿಟಕಿಯ ಬಿಸಿಲಿನಲ್ಲಿಟ್ಟ ಹೆಕ್ಸೇನನ್ನು ನಾಳೆ ಅವನು ಅಪರ್ಯಾಪ್ತವೆಂದು ಬರೆದರೆ, ತಪ್ಪು ಅವನದೋ, ಟಿಪ್ಪಣಿಕಾರರದೋ?