ಎಂಟುನೂರು ರೂಪಾಯಿಯ ಅನುಮಾನ

ಶಹಾಪುರದ ಬಸ್ ನಿಲ್ದಾಣದಲ್ಲಿ ಇಬ್ಬರು ಹೆಂಗಸರು ಎದುರಾದರೆ "ಗೃಹಲಕ್ಷ್ಮಿ ರೊಕ್ಕ ಬಂತೇನವ್ವ?" ಎಂದು ನಾಲ್ಕು ಜನಕ್ಕೆ ಕೇಳುವಂತೆಯೇ ವಿಚಾರಿಸಿಕೊಳ್ಳುತ್ತಾರೆ. 2023ರಿಂದ ಬರುತ್ತಿರುವ ಆ ಎರಡು ಸಾವಿರ ಯಾರ ತಲೆಯನ್ನೂ ತಗ್ಗಿಸಿಲ್ಲ. ಅದೇ ಸರಕಾರ ಕೊಡುವ ಅಂಗವಿಕಲರ ಮಾಸಾಶನದ ಮಾತು ಬಂದರೆ ಮಾತ್ರ ದನಿ ಇಳಿಯುತ್ತದೆ. ಊರಲ್ಲಿ ಅದಕ್ಕೆ 'ಕುಂಟರ ಪಗಾರ' ಎನ್ನುತ್ತಾರೆ. ಪಡೆಯುವವನ ಕಿವಿಗೆ ಬೀಳಲಿ ಎಂದೇ ಹಾಗೆ ಎನ್ನುವವರೂ ಇದ್ದಾರೆ. ಮೊತ್ತವಾದರೂ ಎಷ್ಟು? ಶೇಕಡಾ 40ರಿಂದ 75ರವರೆಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಹೆಚ್ಚಿದ್ದರೆ 1,400.

ಜನರಲ್ಲಿ ಅರಿವಿಲ್ಲ, ಜಾಗೃತಿ ಮೂಡಿಸಬೇಕು ಎಂಬುದು ವೇದಿಕೆಯ ಮಾತು. ಯೋಜನೆ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಿದರೆ, ಊರವರು ಈ ಅನುಮಾನದ ನೋಟವನ್ನು ಕಚೇರಿಯಿಂದಲೇ ಕಲಿತಿದ್ದಾರೆ ಅನ್ನಿಸುತ್ತದೆ.

ಪ್ರಮಾಣಪತ್ರದ ತಪಾಸಣೆಯನ್ನೇ ತೆಗೆದುಕೊಳ್ಳಿ. ಸುರಪುರದ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದವನೊಬ್ಬ ಸಾಲಿನಲ್ಲಿ ನಿಂತಿರುತ್ತಾನೆ. ಸಣ್ಣದರಲ್ಲೇ ಸೊರಗಿದ ಎಡಗಾಲು ಕಾಣದಿರಲೆಂದು ದೊಗಳೆ ಪ್ಯಾಂಟು ಹೊಲಿಸಿಕೊಂಡವನು. ಸರದಿ ಬಂದಾಗ "ಪ್ಯಾಂಟ್ ಮ್ಯಾಲ ಮಾಡು, ಅಲ್ಲೀತನಕ ನಡದು ತೋರ್ಸು" ಎನ್ನುತ್ತಾರೆ. ಪರದೆ ಇಲ್ಲ. ಹಿಂದಿನ ಸಾಲೆಲ್ಲ ನೋಡುತ್ತದೆ, ಅದರಲ್ಲಿ ಪಕ್ಕದೂರಿನವರೂ ಇರುತ್ತಾರೆ. ವೈದ್ಯರು ಕೆಟ್ಟವರೇನಲ್ಲ, ಸಂಜೆಯೊಳಗೆ ಅಷ್ಟೂ ಕಾಲು, ಕಣ್ಣು, ಕಿವಿ ನೋಡಿ ಮುಗಿಸಬೇಕಾದವರು. ಆದರೆ 39ಕ್ಕೂ 40ಕ್ಕೂ ನಡುವಿನ ಗೆರೆ ಅವರ ಪೆನ್ನಿನ ತುದಿಯಲ್ಲಿದೆ ಎಂಬುದು ಸಾಲಿನಲ್ಲಿರುವವರಿಗೆಲ್ಲ ಗೊತ್ತು. ಹಾಗಾಗಿ ಅವನು ದಿನಾ ನಡೆಯುವುದಕ್ಕಿಂತ ತುಸು ಹೆಚ್ಚೇ ಕುಂಟುತ್ತಾನೆ. ಇಷ್ಟು ವರ್ಷ ಮರೆಸುತ್ತ ಬಂದದ್ದನ್ನು ಮಂದಿಯೆದುರು ಹೆಚ್ಚು ಮಾಡಿ ತೋರಿಸುವ ಆ ಹತ್ತು ಹೆಜ್ಜೆಗೆ ಯಾವ ಪರಿಹಾರವೂ ಇಲ್ಲ.

ಪತ್ರ ಕೈಗೆ ಬಂದ ಮೇಲೆ ಊರಿನ ತಪಾಸಣೆ ಶುರುವಾಗುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಒಂದು ಚೀಲ ಎತ್ತಿದರೆ ಸಾಕು, "ಪಗಾರ ತಿಂತಾನ, ಚೀಲಾನೂ ಹೊರ್ತಾನ ನೋಡು." ಕುಂಟುವ ಕಾಲಿದ್ದರೂ ಬೆನ್ನು ಗಟ್ಟಿಯಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಯಾರಾದರೂ ಅರ್ಜಿ ಹಾಕಿ ಪಗಾರ ನಿಲ್ಲಿಸಿಯಾರೆಂದು ಅವನು ಕೂಲಿಗೆ ಹೋಗುವುದನ್ನೇ ಬಿಡುತ್ತಾನೆ, ಇಲ್ಲವೇ ದೂರದ ಹೊಲಕ್ಕೆ ಹೋಗುತ್ತಾನೆ. ಆಗ 'ಕೂತು ತಿನ್ನೋನು' ಎಂಬ ಹೆಸರು ಬರುತ್ತದೆ. ದುಡಿದರೆ ಕಳ್ಳ, ಕೂತರೆ ಸೋಮಾರಿ. ಇಂಗ್ಲೆಂಡಿನಲ್ಲೂ ಈ ಅನುಮಾನವೇ ಸರಕಾರದ ನೀತಿಯಾದದ್ದನ್ನು ಕೆನ್ ಲೋಚ್ 2016ರ 'ಐ, ಡೇನಿಯಲ್ ಬ್ಲೇಕ್' ಸಿನಿಮಾದಲ್ಲಿ ತೋರಿಸಿದ್ದಾರೆ. ಅಲ್ಲಿಯ ಬಡಗಿಗೆ ಹೃದಯದ ಕಾಯಿಲೆ, ಅದು ಹೊರಗೆ ಕಾಣದು.

ಕಾಣದ ವೈಕಲ್ಯದವರ ಪಾಡು ಇಲ್ಲಿ ಇನ್ನೂ ಕಷ್ಟ. 1995ರ ಕಾಯ್ದೆಯಲ್ಲಿ ಏಳೇ ಬಗೆಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿ ಥಲಸ್ಸೇಮಿಯಾ, ಕುಡಗೋಲು ಕಣ ರೋಗಗಳನ್ನೂ ಸೇರಿಸಿತು. ಊರ ಕಟ್ಟೆ ಮಾತ್ರ ಇನ್ನೂ ಕೈ, ಕಾಲು, ಕಣ್ಣಿನಲ್ಲೇ ನಿಂತಿದೆ. ಮನೋರೋಗ 1995ರ ಪಟ್ಟಿಯಲ್ಲೇ ಇತ್ತು. ಆದರೂ ಮನೆಯಲ್ಲಿ ಅಂಥವರಿದ್ದರೆ "ಬ್ಯಾಡ್ರಿ, ಸಣ್ಣಾಕಿ ಮದಿವಿ ಆಗ್ಲಿ, ಆಮ್ಯಾಲ ನೋಡಾಮು" ಎನ್ನುವವರಿದ್ದಾರೆ. ಅರ್ಜಿ ಹಾಕಿದರೆ ಸಂಬಂಧ ತಪ್ಪುತ್ತದೆಂಬ ಭಯ.

ಮದುವೆಯ ವಿಷಯದಲ್ಲಿ ಸರಕಾರದ್ದೇ ಒಂದು ಯೋಜನೆಯಿದೆ. ವಿಕಲಚೇತನರನ್ನು ಮದುವೆಯಾಗುವ 'ಸಾಮಾನ್ಯ' ವ್ಯಕ್ತಿಗೆ 50,000 ರೂಪಾಯಿ ಪ್ರೋತ್ಸಾಹಧನ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಈಕೆಯನ್ನು ಕಟ್ಟಿಕೊಳ್ಳುವುದು ತ್ಯಾಗ, ತ್ಯಾಗಕ್ಕೆ ಇಷ್ಟು ದರ ಎಂದು ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ತ್ರಿಚಕ್ರ ವಾಹನ ವಿತರಣೆಯ ಸಮಾರಂಭಗಳೂ ಇದೇ ದಾರಿಯವು. ಅತಿಥಿ ಬರುವವರೆಗೆ ಬಿಸಿಲಲ್ಲಿ ಕಾಯಿಸಿ, ಕೀಲಿ ಕೊಡುವಾಗ ಕೈ ಹಿಡಿದೆಳೆದು ಫೋಟೊ ತೆಗೆಸುವುದು. ಸಬ್ಸಿಡಿ ಗೊಬ್ಬರ ಒಯ್ಯುವ ರೈತನನ್ನು ಯಾರೂ ಹೀಗೆ ನಿಲ್ಲಿಸುವುದಿಲ್ಲ.

ಇಷ್ಟರ ನಡುವೆ ಸರಿಯಾಗಿ ಕೆಲಸ ಮಾಡುತ್ತಿರುವುದೊಂದಿದೆ. ಗ್ರಾಮ ಪಂಚಾಯಿತಿಗಳಲ್ಲಿ ಕೂರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಾವೇ ವಿಕಲಚೇತನರು. ಗೌರವಧನ ಅಷ್ಟಕ್ಕಷ್ಟೆ. ಆದರೂ ಅರ್ಜಿಯ ಕೆಲಸಕ್ಕೆ ಅವರ ಮೇಜಿನ ಮುಂದೆ ನಿಂತವರು ಪ್ಯಾಂಟು ಎತ್ತಬೇಕಾಗಿಲ್ಲ.

ದುಡಿಯದೆ ಉಣ್ಣಬಾರದು, ಇದು ಕಾಯಕದ ನೆಲ ಎನ್ನುವ ಹಿರಿಯರು ನಮ್ಮಲ್ಲಿ ಬಹಳ. ಸುರಪುರ ಸೀಮೆಯ ಮುದನೂರು ನೇಕಾರ ಶರಣ ದೇವರ ದಾಸಿಮಯ್ಯನ ಊರು. ನೇಯ್ದ ಬಟ್ಟೆಯನ್ನೇ ಕೊಟ್ಟುಬಿಟ್ಟ ಆತನಿಗೆ ಶಿವನಿಂದ ತವನಿಧಿ ಬಂತೆಂಬುದು ಐತಿಹ್ಯ. ಅದನ್ನು ಪಡೆದದ್ದಕ್ಕೆ ಆತನನ್ನು ಯಾರೂ ಕೂತು ತಿನ್ನುವವನು ಎನ್ನಲಿಲ್ಲ. ಅದೇ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಬೆರೆತ ನೀರು ಕುಡಿದು ಜನ ಕಾಯಿಲೆ ಬಿದ್ದರು. ಫ್ಲೋರೈಡ್ ನೀರಿನ ಹಳ್ಳಿಗಳಿಗೆ ಜಿಲ್ಲೆಯಲ್ಲಿ ಬರವಿಲ್ಲ. ಬೆಂಗಳೂರಿನ ಕಟ್ಟಡಗಳ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮರಳಿದವರೂ ಇದ್ದಾರೆ. ಇವರಿಗೆ ಕೊಡುವುದನ್ನು ದಾನವೆನ್ನಲು ನನಗಂತೂ ಬಾಯಿ ಬಾರದು.

2016ರ ಕಾಯ್ದೆಯೂ ದಾನವೆನ್ನುವುದಿಲ್ಲ. 24ನೇ ಕಲಮಿನ ಪ್ರಕಾರ, ಇತರರಿಗಿರುವ ಅಂಥದೇ ಯೋಜನೆಗಳಿಗಿಂತ ವಿಕಲಚೇತನರ ನೆರವು ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕು. ಸರಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ ಎಂಬ ಮಾತೂ ಅಲ್ಲೇ ಇದೆ, ನಿಜ. ಸಂಧ್ಯಾ ಸುರಕ್ಷಾದಲ್ಲಿ ವೃದ್ಧರಿಗೆ 1,200 ಕೊಡುವ ರಾಜ್ಯದಲ್ಲಿ ಈ ಲೆಕ್ಕ 1,500ಕ್ಕೆ ಬರುತ್ತದೆ. 800 ಇರಲಿ, 1,400 ಕೂಡ ಅದನ್ನು ಮುಟ್ಟುವುದಿಲ್ಲ. ಇನ್ನೊಂದು ಸಂಗತಿ: ಮೋಸದಿಂದ ಸೌಲಭ್ಯ ಪಡೆದವರಿಗೆ 91ನೇ ಕಲಮು ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ನಾಲ್ಕು ಜನರೆದುರು ಬೇಕೆಂದೇ ವಿಕಲಚೇತನರನ್ನು ಹೀಯಾಳಿಸಿದವರಿಗೆ ಮರುಕಲಮಿನಲ್ಲೇ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲಿದೆ. ಸುಳ್ಳು ಸರ್ಟಿಫಿಕೇಟಿನ ಎಚ್ಚರಿಕೆ ಎಲ್ಲರ ಬಾಯಲ್ಲೂ ಇದೆ. ಈ ಎರಡನೆಯದನ್ನು ಪಂಚಾಯಿತಿ ಗೋಡೆಗೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.